ಚೆಲುವಮ್ಮನ ಅಂಗಡಿಯ ಕುರ್ಚಿ

ನಾನು ಒಂದು ಕುರ್ಚಿ. ಕಚೇರಿಯದೂ ಅಲ್ಲ, ಮದುವೆ ಮನೆಯದೂ ಅಲ್ಲ, ಕ್ಷೌರದಂಗಡಿಯ ಕುರ್ಚಿ. ಮೈ ತೇಗದ್ದು, ಕಾಲು ಎರಕದ ಕಬ್ಬಿಣದ್ದು. ಮೈಸೂರಿನ ಒಂದು ಗಲ್ಲಿಯಲ್ಲಿ ಕಾಳಾಚಾರಿ ಎಂಬ ಬಡಗಿ ನನ್ನನ್ನು ಮಾಡಿದ. ಅದುವರೆಗೆ ಅವನು ಮಾಡಿದ್ದೆಲ್ಲ ಬಾಗಿಲು, ಮಂಚ, ತೊಟ್ಟಿಲು. ತಲೆ ಒರಗಿಸುವ ದಿಂಬು ಮೇಲೆ ಕೆಳಗೆ ಸರಿಯುವಂತೆ ಕೂರಿಸಲು ಪಾಪ, ಬಹಳ ಒದ್ದಾಡಿದ. ಕೊನೆಗೆ ತಾನೇ ಕೂತು, ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, "ಪರವಾಗಿಲ್ಲ, ನಿದ್ದೆ ಬತ್ತದೆ" ಎಂದು ತನಗೆ ತಾನೇ ಹೇಳಿಕೊಂಡ. ನನ್ನ ಮೇಲೆ ಕೂತ ಮೊದಲ ಮನುಷ್ಯ ಅವನೇ.

ಮೊದಲು ನಾನು ಮೈಸೂರಿನ ಒಂದು ದೊಡ್ಡ ಸೆಲೂನಿನಲ್ಲಿದ್ದೆ. ಗೋಡೆ ತುಂಬ ಕನ್ನಡಿ, ತಲೆಯ ಮೇಲೆ ಫ್ಯಾನು, ಗಾಳಿಯಲ್ಲೆಲ್ಲ ಪೌಡರಿನ ವಾಸನೆ. ಅಲ್ಲಿಗೆ ಬರುವವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಬಂದರು, ಕೂತರು, ಎದ್ದರು. ಕೆಲವು ವರ್ಷಗಳ ಮೇಲೆ ಸೆಲೂನಿಗೆ ಹೊಳೆಯುವ ಸ್ಟೀಲಿನ ಕುರ್ಚಿಗಳು ಬಂದವು. ನನ್ನನ್ನು ಹಿತ್ತಲಿಗೆ ತಳ್ಳಿದರು. ಅಲ್ಲಿಂದ ನನ್ನನ್ನು ಕೊಂಡುಕೊಂಡು ಹೋದವನು ಶ್ರೀರಂಗಪಟ್ಟಣದ ತಿರುಮಲಯ್ಯ.

ಅವನ ಜೊತೆ ಗೌಸ್ ಸಾಬರು ಬಂದಿದ್ದರು. ಅವರದು ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ ಎದುರು ನಿಲ್ಲುವ ಜಟಕಾ. ನಾನು ಜಟಕಾದೊಳಗೆ ಪೂರ್ತಿ ಹಿಡಿಸಲಿಲ್ಲ. ನನ್ನ ಕಾಲು ಹಿಂದಕ್ಕೆ ಜೋತಾಡುತ್ತಿತ್ತು. ದಾರಿಯುದ್ದಕ್ಕೂ ಸಾಬರು ಕುದುರೆಗೆ, "ಮೆಲ್ಲಗೆ ಹೋಗೋ ಬೇಟಾ, ಇವತ್ತು ಸವಾರಿ ಮಾತಾಡೋದಿಲ್ಲ, ಪೆಟ್ಟಾದ್ರೂ ಹೇಳೋದಿಲ್ಲ" ಎನ್ನುತ್ತಿದ್ದರು. ಸೇತುವೆಯ ಮೇಲೆ ಬಂದಾಗ ಮೊದಲ ಸಲ ಕಾವೇರಿಯನ್ನು ಕಂಡೆ.

ಸುತ್ತ ಹೊಳೆ, ಒಳಗೆ ಕೋಟೆ, ಕೋಟೆಯೊಳಗೆ ಊರು. ತಿರುಮಲಯ್ಯನ ಅಂಗಡಿ ಕೋಟೆ ಗೋಡೆಗೆ ಆತುಕೊಂಡಿತ್ತು. ಹಿಂದಿನ ಗೋಡೆಯೆಂದರೆ ಕೋಟೆಯ ಕಲ್ಲೇ. ಬೇಸಿಗೆಯಲ್ಲಿ ಅದು ತಂಪಾಗಿರುತ್ತಿತ್ತು, ಮಳೆಗಾಲದಲ್ಲಿ ಬೆವರುತ್ತಿತ್ತು. ಪಕ್ಕದಲ್ಲೇ ಮನೆ. ದೂರದೂರಿನ ಜನ ಬಸ್ಸು ಮಾಡಿಕೊಂಡು ಬಂದು ಆ ಕಲ್ಲುಗಳನ್ನು ನೋಡಿ ಬಾಯಿ ಬಿಡುತ್ತಿದ್ದರು. ಊರಿನವರಿಗೆ ಮಾತ್ರ ಹಿತ್ತಲ ಗಿಡ ಮದ್ದಲ್ಲ. ಕೋಟೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದರು, ಕಂದಕದಲ್ಲಿ ಎಮ್ಮೆ ಮೇಯಿಸುತ್ತಿದ್ದರು, ಬತೇರಿಯ ಬುರುಜಿನ ನೆರಳಲ್ಲಿ ಎಲೆಯಡಿಕೆ ಹಾಕಿಕೊಂಡು ಮಗಳ ಮದುವೆಯ ಮಾತಾಡುತ್ತಿದ್ದರು. ಆದರೆ ನನ್ನ ಮೇಲೆ ಕೂತು, ಮುಖಕ್ಕೆ ಸೋಪಿನ ನೊರೆ ಬಿದ್ದ ಕೂಡಲೇ ಒಬ್ಬೊಬ್ಬರೂ ಒಂದೊಂದು ಹಳೆಯ ಯುದ್ಧ ಹೇಳುವರು. ಕೋಟೆಯ ಗುಟ್ಟಿನ ಸುರಂಗ ತಮ್ಮ ಮನೆಯ ಕೆಳಗೇ ಇದೆಯೆಂದು ಹೇಳದವರೇ ಇರಲಿಲ್ಲ. ತಿರುಮಲಯ್ಯ ಎಲ್ಲರಿಗೂ "ಇದ್ರೂ ಇರಬೈದು" ಎನ್ನುತ್ತ ಕತ್ತಿ ಆಡಿಸುವನು.

ಅಲ್ಲಿ ನಾನು ಜನರನ್ನು ಭಾರದಿಂದ ಗುರುತಿಸುವುದನ್ನು ಕಲಿತೆ. ಸಾಬರು ಕೂತರೆ ಕುದುರೆ ಏರಿದಂತೆ ಒಂದು ಕಡೆಗೆ ವಾಲುವರು. ಅಕ್ಕಿ ಮಿಲ್ಲಿನ ಬೋರೇಗೌಡರು ಕೂತರೆ ನನ್ನ ಕಬ್ಬಿಣದ ಕಾಲು ಕಿರ್ರೆನ್ನುವುದು. ಮಕ್ಕಳಿಗೆ ನನ್ನ ಎರಡು ಕೈಗಳ ಮೇಲೆ ಹಲಗೆ ಅಡ್ಡ ಹಾಕುವರು.

ಒಂದು ಬೆಳಿಗ್ಗೆ, ಯುಗಾದಿಗೆ ಮುಂಚೆ, ಬೋರೇಗೌಡರು ಕೂತಿದ್ದರು. ಅರ್ಧ ಮುಖ ಆಗಿತ್ತು, ಇನ್ನರ್ಧಕ್ಕೆ ನೊರೆ ಇತ್ತು. ಕುತ್ತಿಗೆಯ ಹತ್ತಿರ ಬಂದ ಕತ್ತಿ ಇದ್ದಕ್ಕಿದ್ದಂತೆ ನಿಂತಿತು. ಮರುಗಳಿಗೆ ಜಾರಿ ಗೌಡರ ಮಡಿಲಿಗೆ ಬಿತ್ತು. ತಿರುಮಲಯ್ಯ ನನ್ನ ಬೆನ್ನನ್ನು ತಬ್ಬಿಕೊಂಡಂತೆ ಕುಸಿದ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು; ಕಣ್ಣು ಮಾತ್ರ ಗೌಡರನ್ನೇ ನೋಡುತ್ತಿತ್ತು. ಗೌಡರು ಅರಚಿಕೊಂಡು ಎದ್ದರು. ಆಮೇಲೆ, ಅದನ್ನು ಹೇಳಲೇಬೇಕು, ಅವರೇ ಅವನನ್ನು ಮಗುವಿನಂತೆ ಎತ್ತಿಕೊಂಡು, ಮುಖದ ನೊರೆಯನ್ನೂ ಒರೆಸಿಕೊಳ್ಳದೆ, ಸಾಬರ ಜಟಕಾದತ್ತ ಓಡಿದರು.

ತಿರುಮಲಯ್ಯ ಉಳಿದುಕೊಂಡ. ಬಲಗೈಯ ಸ್ವಾಧೀನ ಉಳಿಯಲಿಲ್ಲ. ಮಾತು ತೊದಲುತ್ತಿತ್ತು. ಅಂಗಡಿಯ ಬಾಗಿಲು ಮುಚ್ಚಿತು. ನಾನು ಕತ್ತಲಲ್ಲಿ ಧೂಳು ಹೊದ್ದು ಕೂತೆ.

ಕೆಲವು ವಾರಗಳ ಮೇಲೆ ಬಾಗಿಲು ತೆರೆಯಿತು. ಅವನ ಹೆಂಡತಿ ಚೆಲುವಮ್ಮ ಅವನನ್ನು ಭುಜಕ್ಕೆ ಆನಿಸಿಕೊಂಡು ಕರೆತಂದು ನನ್ನ ಮೇಲೆ ಕೂರಿಸಿದಳು. ಅಷ್ಟು ವರ್ಷ ನನ್ನ ಬೆನ್ನಿಗೆ ನಿಂತವನು ಅಂದು ಮೊದಲ ಸಲ ಕೂತ. ಗಡ್ಡ ಎದೆಗೆ ಇಳಿದಿತ್ತು. ಚೆಲುವಮ್ಮ ಬಿಳಿ ಬಟ್ಟೆ ಹೊದಿಸಿ, ನೊರೆ ಹಚ್ಚಿ, ಕತ್ತಿ ತೆಗೆದುಕೊಂಡಳು. ಅವಳ ಉಸಿರು ನನಗೆ ಕೇಳಿಸುತ್ತಿತ್ತು.

"ಮಲಗ್ಸು," ಎಂದ ತಿರುಮಲಯ್ಯ ತೊದಲುತ್ತ. "ಕತ್ತಿ ಮಲಗ್ಸು. ಇನ್ನೂ ಮಲಗ್ಸು."

ಅವಳು ಕತ್ತಿಯನ್ನು ಕೆನ್ನೆಗೆ ಒರಗಿಸಿದಳು. ದಿನವೂ ಹೀಗೇ ನಡೆಯಿತು. ಮೊದಮೊದಲು ಅವನ ಮುಖದಲ್ಲಿ ಅಲ್ಲಲ್ಲಿ ರಕ್ತ ಜಿನುಗುವುದು. ಅವಳು ಪಟಿಕ ಒತ್ತುವಳು. ಅವನು ಹಲ್ಲು ಕಚ್ಚಿ, "ಆಯ್ತದೆ, ಆಯ್ತದೆ" ಎನ್ನುವನು. ಬರಬರುತ್ತ ರಕ್ತ ನಿಂತಿತು. ಒಂದು ದಿನ ಅವನು ಅವಳ ಕೈಕೆಳಗೆ ನಿದ್ದೆ ಹೋದ. ಚೆಲುವಮ್ಮ ಅವನ ಮುಖ ನೋಡುತ್ತ ಕತ್ತಿಯನ್ನು ಒರೆಸಿ ಮಡಚಿದಳು.

ಅವನು ಎದ್ದ ಮೇಲೆ ಅವಳು ಹೇಳಿದಳು: "ನಾಳಿಂದ ಅಂಗಡಿ ಬಾಗ್ಲು ತೆಗೀತೀನಿ ಕನ್ರೀ."

ತಿರುಮಲಯ್ಯ ಮುಖ ತಿರುಗಿಸಿದ. "ಜನ ಉಗೀತಾರೆ."

"ಉಗುದ್ರೆ ಒರಸ್ಕೊಂಡ್ರಾಯ್ತು. ನಮ್ ಪದ್ಮ ಹಸ್ಕೊಂಡು ಮಲಗದ್ನ ಹೆಂಗ್ ಒರಸ್ಕೊಳ್ಳಾದು?"

ಪದ್ಮ ಅವರ ಒಬ್ಬಳೇ ಮಗಳು. ಆಗಿನ್ನೂ ಶಾಲೆಗೆ ಹೋಗುತ್ತಿದ್ದಳು. ಅಂದು ತಿರುಮಲಯ್ಯ ಊಟ ಮಾಡಲಿಲ್ಲವಂತೆ.

ಚಿಕ್ಕ ಊರೆಂದರೆ ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರ ಮನೆಯಲ್ಲಿ ಸೀನು ಬರುವ ಜಾಗ. ಚೆಲುವಮ್ಮ ಬಾಗಿಲು ತೆಗೆದ ಸುದ್ದಿ ಮಧ್ಯಾಹ್ನದೊಳಗೆ ಹೊಳೆಯ ಆಚೆ ದಡವನ್ನೂ ಮುಟ್ಟಿತು. ಗಂಡಸರು ಅಂಗಡಿಯ ಮುಂದೆ ಹಾದು ಹೋಗುವಾಗ ಚಪ್ಪಲಿ ನೋಡಿಕೊಂಡು ಹೋದರು. ಹೆಂಗಸರು ಕೊಡ ಸೊಂಟದ ಮೇಲಿಟ್ಟುಕೊಂಡು ಇಣುಕಿದರು. ಅವಳ ಕುಲದ ಹಿರಿಯರು ಬಂದು ಬೈದು ಹೋದರು. ಅವಳು ದಿನವೂ ನನ್ನನ್ನು ಒರೆಸುವಳು, ಕತ್ತಿ ಮಸೆಯುವಳು, ನೀರು ಬಿಸಿ ಮಾಡುವಳು. ಯಾರೂ ಬಾರದೆ ನೀರು ಆರಿಹೋಗುವುದು.

ಒಂದು ದಿನ ಬೋರೇಗೌಡರು ಬಂದು ಹೊಸ್ತಿಲಾಚೆಯೇ ನಿಂತರು.

"ಚೆಲುವಮ್ಮಾ, ನಿನ್ ಕಷ್ಟ ನಂಗೂ ಗೊತ್ತದೆ. ಮಿಲ್ಲಲ್ಲಿ ಅಕ್ಕಿ ಕೇರೋ ಕೆಲ್ಸ ಅದೆ, ಬಾ. ಇದು ಬ್ಯಾಡ. ಹೆಂಗ್ಸಿನ ಕೈಗೆ ಕತ್ತಿ ಕೊಟ್ಟು ಕತ್ತು ಒಡ್ಡೋ ಗಂಡ್ಸು ಈ ಊರಲ್ಲಿ ಯಾವನಿದಾನು?"

"ಒಬ್ರವ್ರೆ ಕನಣ್ಣ," ಎಂದಳು ಚೆಲುವಮ್ಮ. "ನಮ್ಮನೆಯವ್ರು ದಿನಾ ಒಡ್ತಾವ್ರೆ."

ಗೌಡರು ನನ್ನತ್ತ ಒಮ್ಮೆ ನೋಡಿ, ತಟ್ಟನೆ ಕಣ್ಣು ಬೇರೆಡೆ ಹೊರಳಿಸಿ ಹೊರಟುಹೋದರು.

ಮನೆಯೊಳಗೆ ಮಲಗಿದ್ದ ತಿರುಮಲಯ್ಯನಿಗೆ ಆ ಮಾತು ಕೇಳಿಸಿತ್ತು. ಮಾರನೆಯ ಬೆಳಿಗ್ಗೆ ಕ್ಷೌರವಾದ ಮೇಲೆ, ತನ್ನನ್ನು ಬೀದಿಯ ಜಗುಲಿಯ ಮೇಲೆ ಕೂರಿಸು ಎಂದ. ಕೂತವನು ಹೋಗಿಬರುವವರನ್ನೆಲ್ಲ ಎಡಗೈಯಿಂದ ಕರೆಯತೊಡಗಿದ. "ಬಾ ಇಲ್ಲಿ. ಮುಟ್ ನೋಡು." ತನ್ನ ಕೆನ್ನೆ ತೋರಿಸುವನು. "ನನ್ ಹೆಂಡ್ತಿ ಮಾಡದ್ದು. ಮುಟ್ಲಾ!" ಅಷ್ಟು ವರ್ಷ ಊರಿನವರ ಕೆನ್ನೆಯನ್ನೆಲ್ಲ ಮುಟ್ಟಿದವನು ಈಗ ತನ್ನ ಕೆನ್ನೆಯನ್ನು ಊರಿನ ಮುಂದೆ ಒಡ್ಡಿ ಕೂತ. ಕೆಲವರು ನಕ್ಕರು. ಕೆಲವರು ಮುಟ್ಟಿದರು. ಮುಟ್ಟಿದವರು ತಮಗೇ ಗೊತ್ತಿಲ್ಲದೆ ತಮ್ಮ ಗಡ್ಡವನ್ನೂ ಒಮ್ಮೆ ಸವರಿಕೊಂಡು ಹೋದರು.

ಗೌಸ್ ಸಾಬರು ಬಂದು ಮುಟ್ಟಿದರು. ಎರಡೂ ಕೆನ್ನೆ ಮುಟ್ಟಿದರು. ಆಮೇಲೆ ಒಳಗೆ ಬಂದು ನನ್ನ ಮೇಲೆ ವಾಲಿಕೊಂಡು ಕೂತರು.

"ಮಾಡಮ್ಮಾ. ಸ್ಟೇಷನ್‌ಗೆ ಗಾಡಿ ಬರೋ ಹೊತ್ತಾಯ್ತು."

ಬಾಗಿಲಲ್ಲಿ ಜನ ಕೂಡಿದರು. ಚೆಲುವಮ್ಮ ಸೆರಗು ಸಿಕ್ಕಿಸಿಕೊಂಡಳು. ಗಂಡನ ಮುಖದ ಏರುತಗ್ಗು ಅವಳಿಗೆ ಕಂಠಪಾಠ. ಇದು ಬೇರೆ ಮುಖ, ಬೇರೆ ದವಡೆ. ಜನರ ಕಣ್ಣು ಬೆನ್ನಿಗೆ ಚುಚ್ಚುತ್ತಿತ್ತು. ಗಲ್ಲದ ಕೆಳಗೆ ಬಂದಾಗ ಕತ್ತಿ ಒಂದು ಕೂದಲೆಳೆಯಷ್ಟು ಜಾರಿತು. ಬಿಳಿ ನೊರೆಯಲ್ಲಿ ಕೆಂಪು ಗೆರೆ ಎದ್ದಿತು. ಸಾಬರ ಕೈ ನನ್ನ ಕೈಯನ್ನು ಬಿಗಿಯಾಗಿ ಹಿಡಿಯಿತು. ಮುಖ ಮಾತ್ರ ಅಲುಗಲಿಲ್ಲ.

"ಚಾಚಾ..." ಎಂದಳು ಚೆಲುವಮ್ಮ, ಅವರಿಗೆ ಮಾತ್ರ ಕೇಳುವಂತೆ.

"ಶ್ಶ್. ಮಾಡು, ಮಾಡು. ಚೆನ್ನಾಗಿದೆ."

ಅವಳು ಪೂರ್ತಿ ಮಾಡಿದಳು. ಸಾಬರು ಎದ್ದು, ಕನ್ನಡಿಯಲ್ಲಿ ಮೀಸೆ ತೀಡಿಕೊಂಡು ಹೊರಗೆ ಬಂದಾಗ ಯಾರೋ ಕೇಳಿದರು: "ಏನ್ ಸಾಬ್ರೇ, ಗಲ್ಲದಲ್ಲಿ ಗಾಯ?"

"ಇದಾ? ಬೆಳಿಗ್ಗೆ ಹುಲ್ಲು ಹಾಕುವಾಗ ಕುದುರೆ ಕಚ್ಚಿತು."

ಆ ಮುದಿ ಕುದುರೆಗೆ ಕಚ್ಚುವ ಹಲ್ಲೇ ಉಳಿದಿರಲಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು. ಆದರೂ ಯಾರೂ ಎದುರಾಡಲಿಲ್ಲ. ಅಷ್ಟು ಚಂದದ ಸುಳ್ಳನ್ನು ಸುಳ್ಳೆನ್ನಲು ಅವರಿಗೂ ಮನಸ್ಸು ಬರಲಿಲ್ಲವೆಂದು ಕಾಣುತ್ತದೆ. ಚೆಲುವಮ್ಮ ಒಳಗೆ ನನ್ನ ಬೆನ್ನಿಗೆ ಹಣೆ ಆನಿಸಿ ಅತ್ತಳು.

ಆಮೇಲೆ ಒಬ್ಬೊಬ್ಬರೇ ಬಂದರು. ಪ್ರವಾಸಿಗಳಿಗೆ ಊರು ತೋರಿಸುವ ಗೈಡುಗಳು ಬಂದರು. ಮಕ್ಕಳನ್ನು ಎಳೆದುಕೊಂಡು ತಾಯಂದಿರು ಬಂದರು. ಬೋರೇಗೌಡರೊಬ್ಬರು ಬರಲಿಲ್ಲ. ಮೈಸೂರಿಗೆ ಹೋಗಿ ಮಾಡಿಸಿಕೊಳ್ಳುತ್ತಿದ್ದರು.

ಅವರನ್ನು ಕರೆತಂದದ್ದು ಅವರ ಮೊಮ್ಮಗ ಕಿಟ್ಟಿ. ಕತ್ತರಿ ಕಂಡರೆ ಆ ಹುಡುಗ ಕಿರುಚಿಕೊಂಡು ಕೋಟೆ ಹತ್ತಿ ಓಡುವನು. ಕೂದಲು ಕಣ್ಣಿಗೆ ಬೀಳುತ್ತಿತ್ತು. ಗೌಡರ ಸೊಸೆ ಅವನನ್ನು ಅಂಗಡಿಗೆ ತಂದಳು. ಅವನು ಹಲಗೆಯ ಮೇಲೆ ಕೂರಲೊಲ್ಲ. "ತಾತನ ತೊಡೆ ಮ್ಯಾಲೆ ಕೂರ್ತೀನಿ" ಎಂದು ರಚ್ಚೆ ಹಿಡಿದ. ಗೌಡರಿಗೆ ಹೇಳಿ ಕಳಿಸಿದರು. ಅವರು ಬಂದು ಹೊಸ್ತಿಲಲ್ಲಿ ನಿಂತರು. ಹುಡುಗ ಎರಡೂ ಕೈ ಚಾಚಿದ.

ಮೊಮ್ಮಗನ ಮುಂದೆ ಯಾರ ಹಟ ನಿಲ್ಲುತ್ತದೆ? ಗೌಡರು ಒಳಗೆ ಬಂದು ನನ್ನ ಮೇಲೆ ಕೂತರು. ನನ್ನ ಕಾಲು ಕಿರ್ರೆಂದಿತು. ಆದರೂ ಅವರ ಭಾರ ಪೂರ್ತಿ ನನ್ನ ಮೇಲೆ ಬೀಳಲಿಲ್ಲ; ಪಾದ ಊರಿ ಮೈ ಬಿಗಿಹಿಡಿದಿದ್ದರು. ಅದು ಕೋಪದ ಬಿಗಿ ಅಲ್ಲವೆಂದು ನನಗೆ ಆಗಲೇ ತಿಳಿಯಿತು.

ಚೆಲುವಮ್ಮ ಹುಡುಗನಿಗೆ ಸುರಂಗದ ಕಥೆ ಹೇಳುತ್ತ ಕತ್ತರಿ ಆಡಿಸಿದಳು. ಮುಗಿದಾಗ ಕಿಟ್ಟಿ ಕನ್ನಡಿ ನೋಡಿಕೊಂಡು ನಕ್ಕು, "ತಾತಂಗೂ ಮಾಡು" ಎಂದ.

"ಬ್ಯಾಡ ಬುಡು ಮಗಾ," ಎಂದರು ಗೌಡರು. ಸೊಸೆ ಹುಡುಗನನ್ನು ಎತ್ತಿಕೊಂಡು ಹೊರಗೆ ಹೋದಳು. ಗೌಡರು ಏಳಲಿಲ್ಲ. ತಗ್ಗಿದ ದನಿಯಲ್ಲಿ, "ಅವತ್ತು ಅವ್ನು ಬೀಳುವಾಗ ನನ್ನೇ ನೋಡ್ತಿದ್ದ ಕಣವ್ವ. ಅವತ್ನಿಂದ ಈ ಕುರ್ಚಿ ಕಂಡ್ರೆ ಎದೆ ಝಲ್ ಅಂತದೆ. ಹೆಂಗ್ಸು ಅನ್ನೋದೆಲ್ಲ ಬರೀ ಮಾತು. ಹೆದರ್ಕೆ ಅಂತ ಹೆಂಗ್ ಹೇಳ್ಕೊಳ್ಳಾದು?" ಎಂದರು.

ಚೆಲುವಮ್ಮ ಕೈಯಲ್ಲಿದ್ದ ಕತ್ತಿಯನ್ನು ಮಡಚಿ ಗೂಡಿನಲ್ಲಿಟ್ಟಳು. "ಇವತ್ತು ಕತ್ತಿ ಬ್ಯಾಡ ಅಣ್ಣ. ಬರೀ ಕತ್ತರಿ. ಕಣ್ ಮುಚ್ಕಳಿ."

ಗೌಡರು ಕಣ್ಣು ಮುಚ್ಚಿದರು. ಅವರ ಭಾರ ಮೆಲ್ಲಮೆಲ್ಲನೆ ಪೂರ್ತಿಯಾಗಿ ನನ್ನ ಮೇಲೆ ಇಳಿಯಿತು. ಎದ್ದು ಹೋಗುವಾಗ ಜಗುಲಿಯ ಮೇಲಿದ್ದ ತಿರುಮಲಯ್ಯನ ಪಕ್ಕದಲ್ಲಿ ಕೂತು, ಅವನ ಕೆಲಸಕ್ಕೆ ಬಾರದ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

ವರ್ಷಗಳು ಹೋದವು. ಜಟಕಾ ಹೋಗಿ ಆಟೋ ಬಂತು. ಸಾಬರು ತೀರಿಕೊಂಡರು. ತಿರುಮಲಯ್ಯನೂ ಒಂದು ಆಷಾಢದಲ್ಲಿ ಹೋದ. ಹೋಗುವ ದಿನವೂ ಅವನ ಮುಖ ನುಣುಪಾಗಿತ್ತು. ಹನ್ನೊಂದರ ಶಾಸ್ತ್ರ ಮುಗಿಸಿ ಚೆಲುವಮ್ಮ ಬಾಗಿಲು ತೆಗೆದಾಗ, ಊರಿನ ಗಂಡಸರು ಗಡ್ಡ ಬಿಟ್ಟುಕೊಂಡು ಕಾದಿದ್ದರು. ಬೇರೆ ಅಂಗಡಿಗೆ ಯಾರೂ ಹೋಗಿರಲಿಲ್ಲ.

ಪದ್ಮ ತಾಯಿಯಿಂದ ಕೆಲಸ ಕಲಿತಳು. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಗಾಜಿನ ಬಾಗಿಲಿನ ಅಂಗಡಿ ಹಾಕಿದಳು. ಅಲ್ಲಿ ಮೇಲೇರುವ, ಕೆಳಗಿಳಿಯುವ ಕುರ್ಚಿಗಳಿವೆಯಂತೆ. ಕೋಟೆ ಗೋಡೆಗೆ ಅಂಟಿಕೊಂಡಿದ್ದ ಅಂಗಡಿಗಳನ್ನೆಲ್ಲ ಸರ್ಕಾರದವರು ತೆರವು ಮಾಡಿಸಿದ ಮೇಲೆ ನಾನು ಮನೆಯ ಜಗುಲಿಗೆ ಬಂದೆ. ಈಗ ನನ್ನ ತಲೆದಿಂಬು ಮುರಿದಿದೆ. ಕಾಲಿಗೆ ತುಕ್ಕು ಹಿಡಿದಿದೆ. ಒಂದು ಬೆಕ್ಕು ನನ್ನ ಮೇಲೆ ಮಲಗುತ್ತದೆ.

ಮೊನ್ನೆ ಒಬ್ಬ ಹೊಸ ಗೈಡು ಪ್ರವಾಸಿಗಳ ಗುಂಪನ್ನು ಕಟ್ಟಿಕೊಂಡು ಈ ಬೀದಿಗೆ ಬಂದ. ಅವರಲ್ಲೊಬ್ಬರು ನನ್ನನ್ನು ತೋರಿಸಿ ಏನೋ ಕೇಳಿದರು. ಗೈಡು ಸ್ವಲ್ಪವೂ ಅಳುಕದೆ, "ಇದು ಅರಮನೆ ಕುರ್ಚಿ ಸಾರ್, ಬಹಳ ಹಳೇದು" ಎಂದುಬಿಟ್ಟ. ಎಲ್ಲರೂ ಫೋಟೋ ತೆಗೆದುಕೊಂಡರು. ನನಗೆ ನಾಚಿಕೆಯೂ ಆಯಿತು, ಸ್ವಲ್ಪ ಹೆಮ್ಮೆಯೂ ಆಯಿತು. ಕಲ್ಲಿಗೆ, ಕೋಟೆಗೆ, ರಾಜರ ಸಾಮಾನಿಗೆ ಕಥೆ ಇರುತ್ತದೆ; ನನ್ನಂಥದಕ್ಕೆ ಏನಿದೆ ಎಂದುಕೊಂಡೆ.

ಆಗ ಚೆಲುವಮ್ಮ ಕೋಲೂರಿಕೊಂಡು ಹೊರಗೆ ಬಂದಳು. ಬೆಕ್ಕನ್ನು ಎತ್ತಿ ಪಕ್ಕಕ್ಕೆ ಬಿಟ್ಟಳು. ಈ ಊರಿನ ಗಂಡಸರನ್ನೆಲ್ಲ ನನ್ನ ಮೇಲೆ ಕೂರಿಸಿದವಳು ತಾನು ಒಂದು ದಿನವೂ ಕೂತವಳಲ್ಲ. ಅಂದು ಮೆಲ್ಲನೆ ತಿರುಗಿ, ನನ್ನ ಎರಡೂ ಕೈ ಹಿಡಿದು, ಕೂತಳು. ಬೆಕ್ಕಿಗಿಂತ ಒಂದಿಷ್ಟೇ ಹೆಚ್ಚು ಭಾರ.

"ಅರಮನೇದಲ್ಲ ಕಣಪ್ಪ," ಎಂದಳು ಗೈಡಿಗೆ. "ನಮ್ಮನೇದು."