ಚಕ್ರಣ್ಣ ಕೊಟ್ಟಿಗೆಯ ಹೊರಗೆ ಕೂತ ಸಂಜೆ

ನಮ್ಮ ಬೀದಿಯ ಕೊನೆಯ ಮನೆಯ ಯಜಮಾನನನ್ನು ಎಲ್ಲರೂ ಚಕ್ರಣ್ಣ ಎಂದೇ ಕರೆಯುತ್ತಾರೆ. ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಕೊಟ್ಟಿಗೆಯಿಂದ ಹುಲ್ಲಿನ ಹೊಲಕ್ಕೆ, ಹೊಲದಿಂದ ಹಾಲಿನ ಡೇರಿಗೆ, ಡೇರಿಯಿಂದ ಮತ್ತೆ ಕೊಟ್ಟಿಗೆಗೆ ಓಡುತ್ತಲೇ ಇರುತ್ತಾನೆ. ಊಟಕ್ಕೆ ಕೂತರೂ ಒಂದು ಕಿವಿ ಕೊಟ್ಟಿಗೆಯ ಕಡೆಗೇ. ಹಸು ಕೆಮ್ಮಿದರೆ ತಟ್ಟೆ ಬಿಟ್ಟು ಏಳುತ್ತಾನೆ.

ಮನೆಯಲ್ಲಿ ಆರು ಹಸುಗಳಿವೆ. ಆರರ ಹಾಲನ್ನೂ ಅವನೊಬ್ಬನೇ ಕರೆಯುತ್ತಿದ್ದ. ಹೆಂಡತಿ ಹುಲ್ಲು ಕೊಯ್ಯಬಹುದು. ಮಗಳು ಸಗಣಿ ಬಾಚಬಹುದು, ಕ್ಯಾನು ತೊಳೆಯಬಹುದು. ಕೆಚ್ಚಲಿಗೆ ಮಾತ್ರ ಯಾರೂ ಕೈ ಹಾಕುವಂತಿರಲಿಲ್ಲ.

“ಕೈ ಬದಲಾದರೆ ಹಸುಗೆ ಆಗಲ್ಲ,” ಎನ್ನುತ್ತಿದ್ದ.

“ಬದಲಾಯಿಸಿ ನೋಡಿದ್ದೀಯಾ ಅಪ್ಪ?” ಎಂದು ಮಗಳು ಕೇಳುವಷ್ಟರಲ್ಲಿ ಅವನು ಅರ್ಧ ದಾರಿ ಹೋಗಿರುತ್ತಿದ್ದ.

ಈ ವರ್ಷ ಅವನ ತಲೆಗೆ ಹೊಸ ಹುಳ ಹೊಕ್ಕಿತು. ಇನ್ನೊಂದು ಕೊಟ್ಟಿಗೆ ಕಟ್ಟಬೇಕು, ಹಸುಗಳನ್ನು ಎರಡು ಪಟ್ಟು ಮಾಡಬೇಕು. ಇರುವವಳು ಒಬ್ಬಳೇ ಮಗಳು. ಅವಳ ಕಾಲಕ್ಕೆ ಯಾವುದಕ್ಕೂ ಕೊರತೆಯಾಗಬಾರದು. ಸರಿ, ಮನೆಯ ಪಕ್ಕದ ಖಾಲಿ ಜಾಗದಲ್ಲಿ ತಾನೇ ಗುಂಡಿ ತೋಡಿ ಕಂಬ ನೆಡಲು ಶುರು ಮಾಡಿದ.

ಒಂದು ಶನಿವಾರ ಮಗಳು ಗುಂಡಿಯ ಪಕ್ಕ ಬಂದು ನಿಂತಳು.

“ಅಪ್ಪ, ಸೋಮವಾರದಿಂದ ನಾನು ಪೇಟೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗ್ತೀನಿ.”

ಚಕ್ರಣ್ಣನ ಹಾರೆ ನಿಂತಿತು. “ಮತ್ತೆ ಇದನ್ನೆಲ್ಲ ಯಾರಿಗೋಸ್ಕರ ಕಟ್ತಿದ್ದೀನಿ?”

“ನನಗೋಸ್ಕರ ಅಂತೀಯ, ನನ್ನನ್ನ ಒಂದು ಮಾತು ಕೇಳಿದ್ದೀಯಾ? ಸ್ವಲ್ಪ ಹಾಲು ಉಳಿಸಿ ಮೊಸರು ಮಾಡಿ ಹೋಟೆಲಿಗೆ ಕೊಡೋಣ ಅಂದರೆ ಬೇಡ ಅಂತೀಯ. ಹಾಲು ಕರೆಯೋದು ಕಲಿಸು ಅಂದರೆ ಆಮೇಲೆ ಅಂತೀಯ. ಕೈ ಕೆಸರಾದರೆ ಬಾಯಿ ಮೊಸರು ಅಂತ ದಿನಾ ಹೇಳ್ತೀಯಲ್ಲ, ಕೈ ಕೆಸರು ಮಾಡ್ಕೊಳ್ಳೋಕೆ ಬಿಟ್ಟರೆ ತಾನೆ?”

“ಅವಳು ಹೇಳೋದು ಸರಿ ಅಲ್ವೇನ್ರೀ?” ಎಂದು ಹೆಂಡತಿ ಬಾಗಿಲಿನಿಂದ ದನಿಗೂಡಿಸಿದಳು.

“ನೀನು ಸುಮ್ನಿರು!”

ಸಿಟ್ಟನ್ನು ಎಲ್ಲಿ ಇಡುವುದೋ ತಿಳಿಯದೆ ಚಕ್ರಣ್ಣ ಮುಂದಿನ ಕಂಬಕ್ಕೆ ಕೈ ಹಾಕಿದ. ಇಬ್ಬರು ಹಿಡಿಯಬೇಕಾದ ಕಂಬ. ಹೆಂಡತಿ, ಮಗಳು ಅಲ್ಲೇ ನಿಂತಿದ್ದರೂ ಕರೆಯಲಿಲ್ಲ. ಕಂಬ ಜಾರಿ ಬಲಗೈಯ ಮಣಿಕಟ್ಟಿನ ಮೇಲೆ ಬಿತ್ತು.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿ, ಕೆಲವು ವಾರ ಅಲ್ಲಾಡಿಸಬಾರದು ಎಂದು ಕಳುಹಿಸಿದರು. ಮನೆಗೆ ಬರುವಷ್ಟರಲ್ಲಿ ಹಾಲು ಕರೆಯುವ ಹೊತ್ತಾಗಿತ್ತು.

ಮಗಳು ಬಕೆಟ್ಟು ಹಿಡಿದು ಕೆಂಚಿಯ ಪಕ್ಕ ಕೂತಳು. ಕೆಂಚಿ ಅಂದರೆ ಆರರಲ್ಲಿ ಹಿರಿಯವಳು, ಕೆಂಪು ಮೈಯ ಹಸು. ಚಕ್ರಣ್ಣ ಮಗಳ ಬೆನ್ನ ಹಿಂದೆಯೇ ನಿಂತ.

“ಆ ಕಡೆ ಅಲ್ಲ, ಈ ಕಡೆ ಕೂರು. ಹಾಗೆ ಎಳೀಬೇಡ. ಮೆಲ್ಲಗೆ! ಅಯ್ಯೋ, ಅಷ್ಟು ಮೆಲ್ಲಗಲ್ಲ!”

ಕೆಂಚಿ ಕತ್ತು ತಿರುಗಿಸಿ ಯಜಮಾನನನ್ನು ನೋಡಿತು, ಆಮೇಲೆ ಬಕೆಟ್ಟನ್ನು ಒದ್ದಿತು. ಎರಡನೆಯ ಹಸುವೂ ಒಂದು ತೊಟ್ಟು ಬಿಡಲಿಲ್ಲ. ಕೆಚ್ಚಲುಗಳು ಬಿಗಿದುಕೊಂಡವು. ಹಸುಗಳು ಕಾಲು ಬದಲಿಸುತ್ತ, ಹಗ್ಗ ಜಗ್ಗುತ್ತ ಕೂಗತೊಡಗಿದವು. ಅವುಗಳಿಗಿಂತ ಹೆಚ್ಚು ಚಡಪಡಿಸುತ್ತಿದ್ದವನು ಚಕ್ರಣ್ಣ. ಹೆಂಡತಿ ಇದನ್ನೆಲ್ಲ ನೋಡಿ, ಯಾರನ್ನೂ ಕೇಳದೆ ದನದ ಡಾಕ್ಟರಮ್ಮನಿಗೆ ಫೋನು ಮಾಡಿದಳು.

ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದವರು ಒಂದೊಂದೇ ಕೆಚ್ಚಲು ಮುಟ್ಟಿ ನೋಡಿದರು.

“ಹಾಲು ಒಳಗೇ ಉಳಿದರೆ ಕೆಚ್ಚಲು ಬಾವು ಬರಬಹುದು. ಇವತ್ತು ಕರೀಲೇಬೇಕು.”

“ಒಂದು ಸೂಜಿ ಹಾಕಿಬಿಡಿ ಡಾಕ್ಟ್ರಮ್ಮ, ತಾನಾಗೇ ಇಳಿಯುತ್ತೆ,” ಎಂದ ಚಕ್ರಣ್ಣ.

“ಸೂಜಿ ಬೇಡ. ಬೇರೆ ಔಷಧಿ ಇದೆ. ನೀವು ಹೊರಗೆ ಹೋಗಿ.”

“ನಾನಾ?”

“ನೀವೇ. ಹಸು ಗಾಬರಿಯಾದರೆ ಹಾಲು ಬಿಡಲ್ಲ. ನೀವು ಇಲ್ಲಿ ಕುಣೀತಿದ್ದೀರ, ಅದಕ್ಕೆ ಮಗಳೂ ಗಾಬರಿಯಾಗಿದ್ದಾಳೆ. ಹಸುಗಳು ನಿಮ್ಮಿಬ್ಬರನ್ನೂ ನೋಡ್ತಿವೆ.”

ಚಕ್ರಣ್ಣ ಹೊರಗೆ ಬಂದು ಹೊಸ ಕಂಬದ ಬುಡದ ಕಲ್ಲಿನ ಮೇಲೆ ಕೂತ. ಎದ್ದ. ಮತ್ತೆ ಕೂತ. ಒಳಗೆ ಡಾಕ್ಟರಮ್ಮ ಮಗಳಿಗೆ ಮೆಲುದನಿಯಲ್ಲಿ ಹೇಳುತ್ತಿದ್ದರು: “ಬಿಸಿನೀರಲ್ಲಿ ಬಟ್ಟೆ ಅದ್ದಿ ಕೆಚ್ಚಲು ಒರೆಸು. ಬಿಸಿ ಹಿತವಾಗಿರಲಿ. ಅದು ನಿನ್ನ ಕೈ ಮೂಸಲಿ. ಏನಾದರೂ ಮಾತಾಡ್ತಾ ಇರು. ಅವಸರ ಬೇಡ.” ಆಮೇಲೆ ಅವರೂ ಹೊರಗೆ ಬಂದು ಅವನ ಪಕ್ಕ ಕೂತರು.

“ನಿಮಗೆ ಹಾಲು ಕರೆಯೋದು ಯಾರು ಕಲಿಸಿದ್ದು ಚಕ್ರಣ್ಣ?”

“ನಮ್ಮಮ್ಮ. ಮೊದಲ ದಿನ ಹಸು ಒದ್ದು ಬೀಳಿಸ್ತು. ಅಮ್ಮ ನಕ್ಕುಬಿಟ್ಟಳು. ಮತ್ತೆ ಕೂರು ಅಂದಳು.”

“ಆಗ ನಿಮಗೆ ಎಷ್ಟು ವಯಸ್ಸು?”

ಚಕ್ರಣ್ಣ ಕೊಟ್ಟಿಗೆಯ ಬಾಗಿಲ ಕಡೆ ನೋಡಿದ. “ಇವಳಿಗಿಂತ ಚಿಕ್ಕವನೇ.”

“ನೋಡಿ, ಇವತ್ತು ಆರು ಹಸು ನಿಂತಿವೆ, ಕರೆಯೋಕೆ ಪಳಗಿದ ಕೈ ಒಂದೂ ಇಲ್ಲ. ಹನ್ನೆರಡಿದ್ದಿದ್ದರೆ? ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು ನಿಮ್ಮ ಕಥೆ. ಮೊದಲು ಕೈ ಹೆಚ್ಚು ಮಾಡಿ, ಆಮೇಲೆ ಹಸು. ಎರಡು ಹಸು ಅವಳಿಗೇ ಬಿಡಿ. ಮೇವು, ಹಾಲು, ಮಾರಾಟ ಎಲ್ಲ ಅವಳೇ ನೋಡಲಿ. ಬಂದ ಲಾಭವೂ ಅವಳ ಕೈಗೇ ಹೋಗಲಿ. ತಪ್ಪು ಮಾಡಿದರೆ ಮಾಡಲಿ.”

“ಅಷ್ಟೆಲ್ಲ ಕಲಿಸಿದ ಮೇಲೂ ಹೋಗಿಬಿಟ್ಟರೆ?”

“ಹೋಗಬಹುದು. ಆದರೆ ಕಲಿಸದೇ ಇದ್ದರೆ, ಇಲ್ಲಿ ಇರೋಕೆ ಅವಳಿಗೆ ಕಾರಣವೇ ಇಲ್ಲವಲ್ಲ.”

ಅಷ್ಟರಲ್ಲಿ ಖಾಲಿ ಬಕೆಟ್ಟಿನ ತಳಕ್ಕೆ ಹಾಲಿನ ಧಾರೆ ಬಿದ್ದ ಸದ್ದು ಕೇಳಿಸಿತು. ಚಕ್ರಣ್ಣ ಅರ್ಧ ಎದ್ದ. ಡಾಕ್ಟರಮ್ಮ ಅವನ ಅಂಗಿಯ ಚುಂಗು ಹಿಡಿದು ಕೂರಿಸಿದರು. ಸದ್ದು ನಿಂತಿತು, ಮತ್ತೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ತಳದ ಟಣಟಣ ಹೋಗಿ ಹಾಲಿನ ಮೇಲೆ ಹಾಲು ಬೀಳುವ ಸದ್ದಾಯಿತು. ಚಕ್ರಣ್ಣನ ಕಣ್ಣು ತುಂಬಿತು. ಅವನಿಗೆ ಸಂತೋಷವೂ ಆಯಿತು, ನಿಜ ಹೇಳಬೇಕೆಂದರೆ ಚೂರು ಹೊಟ್ಟೆಕಿಚ್ಚೂ ಆಯಿತು.

ಮಗಳು ತಲೆಯ ತುಂಬ ಹುಲ್ಲುಕಡ್ಡಿ ಸಿಕ್ಕಿಸಿಕೊಂಡು ಹೊರಗೆ ಬಂದಳು. ಬಕೆಟ್ಟಿನಲ್ಲಿ ಕೆಂಚಿ ದಿನಾ ಕೊಡುವಷ್ಟು ಹಾಲಿರಲಿಲ್ಲ. ಅದನ್ನು ಹೇಳಲು ಚಕ್ರಣ್ಣ ಬಾಯಿ ತೆರೆದವನು ಮುಚ್ಚಿಕೊಂಡ.

“ಕೆಂಚಿ ಒದೀತೇನಮ್ಮ?”

“ಎರಡು ಸಲ.”

“ನಾನೂ ಒದೆಸಿಕೊಂಡವನೇ.” ಅವನು ಪಟ್ಟಿ ಕಟ್ಟಿದ ಕೈಯನ್ನೇ ನೋಡುತ್ತ ಕೇಳಿದ, “ಸೋಮವಾರ ಹೋಗಲೇಬೇಕಾ?”

ಮಗಳು ಬಕೆಟ್ಟು ಕೆಳಗಿಟ್ಟಳು. “ಕೆಂಚಿ ಮತ್ತೆ ಅವಳ ಪಕ್ಕದವಳು ನನ್ನ ಪಾಲು. ಮೊಸರಿನ ವಿಷಯಕ್ಕೆ ನೀನು ಬಾಯಿ ಹಾಕಬಾರದು. ಹಾಗಾದರೆ ಅಂಗಡಿಯವರಿಗೆ ಬರಲ್ಲ ಅಂತ ಹೇಳ್ತೀನಿ.”

“ಆಯ್ತು. ಹೊಸ ಕೊಟ್ಟಿಗೆ?”

“ಈಗ ಬೇಡ ಅಪ್ಪ. ಮೊದಲು ಈ ಆರೂ ನನಗೂ ಅಮ್ಮನಿಗೂ ಹಾಲು ಕೊಡಲಿ.”

ಅಮ್ಮ ಆಗಲೇ ಸೀರೆಯ ಸೆರಗು ಸಿಕ್ಕಿಸಿ ಕೈ ತೊಳೆಯುತ್ತಿದ್ದಳು. “ಮುಂದಿನದು ನನಗಿರಲಿ. ರೀ, ನೀವು ಅಲ್ಲೇ ಕೂತಿರಿ.”

ಈಗ ಚಕ್ರಣ್ಣನ ಕೈ ವಾಸಿಯಾಗಿದೆ. ಮೊದಲ ಸಲದ ಮೊಸರು ಹುಳಿಯಾಗಿ ಹೋಟೆಲಿನಿಂದ ವಾಪಸು ಬಂತು. ಅವನು ಒಂದು ಮಾತೂ ಆಡಲಿಲ್ಲ, ಆದರೆ ಅಂಗಳವನ್ನು ಮಾತ್ರ ಸವೆಯುವಷ್ಟು ಸುತ್ತಿದ. ಈಗ ಪೇಟೆಯ ಎರಡು ಹೋಟೆಲುಗಳಿಗೆ ಮೊಸರು ಹೋಗುತ್ತದೆ. ಕಂಬದ ಗುಂಡಿಗಳಲ್ಲಿ ಹೆಂಡತಿ ಕುಂಬಳದ ಬೀಜ ಹಾಕಿದ್ದಾಳೆ. ಹೊಸ ಕೊಟ್ಟಿಗೆ ಎಲ್ಲಿ, ಯಾವಾಗ ಎಂದು ಈಗ ಮೂವರೂ ಕೂತು ಜಗಳವಾಡುತ್ತಾರೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಹಸುವಿರಬಹುದು, ಕೋಳಿಯಿರಬಹುದು, ತರಕಾರಿ ತೋಟವಿರಬಹುದು. ಮಕ್ಕಳಿಗಾಗಿಯೇ ಅದನ್ನು ಬೆಳೆಸುತ್ತಿದ್ದೀರಿ, ಗೊತ್ತು. ಹಾಗಾದರೆ ಅವರನ್ನು ಇವತ್ತೇ ಕೇಳಿ. ಕೆಲಸ ಕಲಿಸಿ, ಒಂದು ಪಾಲು ಅವರಿಗೇ ಬಿಟ್ಟುಕೊಡಿ. ಮಗಳೆಂದು ಹಿಂದೆ ಇಡಬೇಡಿ. ನಾಳೆ ಬೆಳಿಗ್ಗೆ ಬಕೆಟ್ಟನ್ನು ಅವರ ಕೈಗೆ ಕೊಡಿ. ಕೊಟ್ಟ ಮೇಲೆ, ದಯವಿಟ್ಟು, ಕೊಟ್ಟಿಗೆಯಿಂದ ಹೊರಗೆ ಬನ್ನಿ.