ಎರಡಿಂಚು ಸಡಿಲ

ಶ್ವಾಸಕೋಶದ ಸೋಂಕಿಗೆ ಅಣ್ಣನನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಿ ಒಂದು ಗಂಟೆಯೂ ಆಗಿರಲಿಲ್ಲ. ನರ್ಸ್ ಬಾಗಿಲಿಗೆ ಬಂದು, "ಪೇಷಂಟ್ ತೂಕ ಎಷ್ಟು? ತೂಕ ನೋಡೋ ಮಂಚ ಸಿಗೋಕೆ ಹೊತ್ತಾಗುತ್ತೆ. ಔಷಧಿ ಲೆಕ್ಕ ತೂಕದ ಮೇಲೆ," ಎಂದರು.

"ಎಂಬತ್ತು ಬರ್ಕೊಳ್ಳಿ," ಎಂದರು ಅತ್ತಿಗೆ. "ಮೊದಲು ತೊಂಬತ್ತೆಂಟಿದ್ರು. ಸಕ್ಕರೆ ಕಾಯಿಲೆ ಅಂತ ಗೊತ್ತಾದ್ಮೇಲೆ ಊಟ ಕಮ್ಮಿ ಮಾಡಿದ್ರು. ಈಗ ಪ್ಯಾಂಟೆಲ್ಲ ಜಾರುತ್ತೆ."

ಆ ಪ್ಯಾಂಟುಗಳನ್ನು ಹೊಲಿದವಳು ನಾನು.

ತಿಂಗಳುಗಟ್ಟಲೆ ಅರೆಹೊಟ್ಟೆ ಉಂಡು, ದಿನಾ ನಡೆದರೂ ತೂಕ ಇಳಿಯದೆ ಅಣ್ಣ ಸೋತುಹೋಗಿದ್ದ. "ಸಾಕು ಬಿಡೇ, ಆನೆ ಉಪವಾಸ ಮಾಡಿದ್ರೆ ಜಿಂಕೆ ಆಗುತ್ತಾ?" ಎಂದು ತೂಕದ ಯಂತ್ರವನ್ನೇ ಅಟ್ಟಕ್ಕೆ ಹಾಕಿದ್ದ. ಅವನಿಗೆ ಹುರುಪು ಬರಲೆಂದು ಹೊಸ ಪ್ಯಾಂಟುಗಳ ಸೊಂಟವನ್ನು ಎರಡಿಂಚು ಸಡಿಲ ಹೊಲಿದು, ಹಳೆಯ ಅಳತೆಯೇ ಎಂದು ಸುಳ್ಳು ಹೇಳಿ ಕೊಟ್ಟೆ. ಅವನು ಕನ್ನಡಿಯ ಮುಂದೆ ನಿಂತು ಬೆಲ್ಟ್ ಬಿಗಿದು ನಕ್ಕ. ಮರುದಿನವೇ ಮತ್ತೆ ನಡೆಯಲು ಹೊರಟ. ಒಳ್ಳೆಯದೇ ಮಾಡಿದೆ ಅಂದುಕೊಂಡಿದ್ದೆ.

"ಸಿಸ್ಟರ್, ಎಂಬತ್ತು ಬರೀಬೇಡಿ," ಎಂದೆ. ಎಲ್ಲವನ್ನೂ ಹೇಳಿದೆ.

ಅತ್ತಿಗೆ ನನ್ನನ್ನೇ ನೋಡಿದರು. "ಅಳತೆಗೆ ಹೆಸರಾದ ಟೈಲರ್ ಅಂತ ಬೋರ್ಡ್ ಬೇರೆ ಹಾಕ್ಕೊಂಡಿದ್ದೀಯಲ್ಲೇ!"

ನರ್ಸ್ ಓಡಿ ಹೋಗಿ ಯಾರನ್ನೋ ಗದರಿಸಿ ಆ ಮಂಚ ತರಿಸಿದರು. ತೊಂಬತ್ತೈದು.

ಸಂಜೆ ಡಾಕ್ಟರ್ ಬಂದರು. ಇಷ್ಟು ದಪ್ಪ ಇರುವುದರಿಂದ ಅಪಾಯವೇ ಎಂದು ಕೇಳಿದೆ.

"ವಿಚಿತ್ರ ಏನು ಗೊತ್ತಾ? ಇಂಥ ಸ್ಥಿತೀಲಿ ಸ್ವಲ್ಪ ಮೈ ಇರೋರೇ ಕೆಲವೊಮ್ಮೆ ಚೇತರಿಸ್ಕೊಳ್ತಾರೆ. ತೀರಾ ಸಣಕಲು ಇದ್ರೆ ಕಷ್ಟ ಜಾಸ್ತಿ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ."

"ಅಂದ್ರೆ ಇವರನ್ನ ಅರೆಹೊಟ್ಟೇಲಿ ಇಟ್ಟಿದ್ದು ತಪ್ಪಾ?" ಅತ್ತಿಗೆ ಕೇಳಿದರು.

"ಹಾಗಲ್ಲಮ್ಮ. ಸಕ್ಕರೆ ಕಾಯಿಲೆಗೆ ತೂಕ ಇಳಿಸೋದು ಒಳ್ಳೇದೇ."

"ಮತ್ತೆ ಇಳಿಯದೇ ಇದ್ದಿದ್ದು?"

"ಅದೂ..." ಎಂದು ಡಾಕ್ಟರ್ ತಲೆ ಕೆರೆದುಕೊಂಡರು.

ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ, ಯಾವ ಕಡೆಯಿಂದ ಮಡಿಚಿದರೂ ಅಂಚು ಕೂಡುತ್ತಿರಲಿಲ್ಲ.

ಐದನೆಯ ದಿನ ಉಸಿರಾಟಕ್ಕೆಂದು ಅಣ್ಣನ ಗಂಟಲಿಗೆ ಹಾಕಿದ್ದ ಕೊಳವೆ ತೆಗೆದರು. ಒಡೆದ ದನಿಯಲ್ಲಿ ಅವನು ಕೇಳಿದ್ದು, "ತೂಕ ನೋಡಿದ್ರಂತಲ್ಲ, ಎಷ್ಟು?"

ಅತ್ತಿಗೆ ನನ್ನ ಬೆನ್ನು ತಿವಿದರು. ತೊಂಬತ್ತೈದು ಎಂದೆ. ಪ್ಯಾಂಟಿನ ವಿಷಯವನ್ನೂ ಹೇಳಿದೆ.

"ಹಂಗಾದ್ರೆ ದಿನಾ ನಡೆದಿದ್ದು?"

"ನಡೆದಿದ್ದು ನಿಜ ಅಣ್ಣ. ಮೂರು ಕೆಜಿ ಇಳಿದಿದೆ."

"ಇನ್ನೂ ಇಳಿಸ್ಲಾ, ಬೇಡ್ವಾ?"

ನಾನು ಅತ್ತಿಗೆಯ ಮುಖ ನೋಡಿದೆ. ಅವರು ಡಾಕ್ಟರಿಗಾಗಿ ಬಾಗಿಲ ಕಡೆ ನೋಡುತ್ತಿದ್ದರು.