ಕೊಂಬೆ ಹೊರುವ ಕೈ

ಹೊಟ್ಟೆಕಿಚ್ಚು ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೋರು ನದಿಯ ದಡದ ತೋಟದಲ್ಲಿ ಬೆನ್ನು ಬಗ್ಗಿಸಿ ದ್ರಾಕ್ಷಿ ಕೊಯ್ಯುವಾಗ ಕೆಳಗೆ ಬಿಳಿ ಹಡಗು ಹೋಗುತ್ತದಲ್ಲ, ಅದರ ಮಹಡಿ ಮೇಲೆ ಉದ್ದನೆಯ ಕುರ್ಚಿಗಳಲ್ಲಿ ಕಾಲು ಚಾಚಿಕೊಂಡು ಒಂದಷ್ಟು ಜನ ಬಿದ್ದುಕೊಂಡಿರುತ್ತಾರಲ್ಲ, ಅವರನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಅವರು ಕೈ ಬೀಸುತ್ತಿದ್ದರು. ಉಳಿದ ಹೆಂಗಸರೂ ಇತ್ತಲಿಂದ ಬೀಸುತ್ತಿದ್ದರು. ನಾನು ಮಾತ್ರ ಬೀಸುತ್ತಿರಲಿಲ್ಲ. ಏನು ಕಡಿದು ಗುಡ್ಡೆ ಹಾಕಿದ್ದಾರೆ ಅಂತ ಹೀಗೆ ಬಿದ್ದುಕೊಂಡಿದ್ದಾರೋ ಎಂದು ಗೊಣಗಿ ಮುಂದಿನ ಗೊಂಚಲಿಗೆ ಕತ್ತರಿ ಹಾಕುತ್ತಿದ್ದೆ.

ನನ್ನ ಮಗಳು ಸೆಲೆಸ್ತ ಅಂಥದೇ ಒಂದು ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಳೆ. ಕೊಯ್ಲಿನ ನಡುವೆ ಒಂದು ದಿನ ಬಂದವಳು, "ಅಮ್ಮಾ, ಒಂದು ಕೋಣೆ ಖಾಲಿ ಉಳಿದಿದೆ. ಕೆಲಸದವರ ಮನೆಯವರಿಗೆ ಪುಕ್ಕಟೆಯಂತೆ. ಬಂದ್ಬಿಡು," ಅಂದಳು.

"ನಾನ್ಯಾಕೆ ಬರ್ಲಿ? ಕೊಯ್ಲು ನಿಮ್ಮಪ್ಪ ಮಾಡ್ತಾನಾ?"

"ಶನಿವಾರಕ್ಕೆ ಕೊಯ್ಲು ಮುಗಿಯುತ್ತೆ. ಹಡಗು ಹೊರಡೋದು ಸೋಮವಾರ. ಇಷ್ಟು ವರ್ಷ ದಡದಲ್ಲಿ ನಿಂತ್ಕೊಂಡು ಬೈದೆ. ಒಂದ್ಸಲ ಹತ್ತಿ ಕೂತ್ಕೊಂಡು ಬೈ."

ನನ್ನ ಗಂಡ ಅಬೀಲಿಯು ಕೆಮ್ಮು ಬರುವವರೆಗೆ ನಕ್ಕ. "ಹೋಗಿ ಬಾರೇ, ನಾಲ್ಕು ದಿನ ಮನೆ ತಣ್ಣಗಿರುತ್ತೆ," ಅಂದ. ಸರಿ ಅಂತ ಒಪ್ಪಿಕೊಂಡೆ.

ಒಪ್ಪಿಕೊಂಡಿದ್ದೇ ತಪ್ಪಾಯಿತು. ಗುರುವಾರ ಮಳೆ ಹಿಡಿಯಿತು. ನೆಂದ ದ್ರಾಕ್ಷಿ ಕೊಯ್ಯುವ ಹಾಗಿಲ್ಲ, ಎಲ್ಲರೂ ಕೈ ಕಟ್ಟಿ ಕೂತೆವು. ಶನಿವಾರ ಮುಗಿಯಬೇಕಾದ ಕೊಯ್ಲು ಮುಂದಿನ ವಾರಕ್ಕೆ ಹೋಯಿತು. ಕೊಯ್ಲು ಮುಗಿಯುವ ದಿನ ಅಂದರೆ ಕೊಂಬೆಯ ದಿನ.

ಕಡೆಯ ಬುಟ್ಟಿ ತುಂಬಿದ ಮೇಲೆ ನಮ್ಮಲ್ಲಿ ಒಂದು ದೊಡ್ಡ ಆಲಿವ್ ಕೊಂಬೆ ಕಡಿದು, ಅದಕ್ಕೆ ದ್ರಾಕ್ಷಿ ಗೊಂಚಲು, ಡೇಲಿಯಾ ಹೂವು, ಬಣ್ಣದ ಪಟ್ಟಿ ಎಲ್ಲ ಕಟ್ಟುತ್ತೇವೆ. ಒಬ್ಬ ಹೆಂಗಸು ಅದನ್ನು ಎತ್ತಿ ಹಿಡಿದು, ಹಾಡುತ್ತ, ತೋಟದಿಂದ ಯಜಮಾನರ ಮನೆಯವರೆಗೆ ನಡೆಯಬೇಕು. ಉಳಿದವರು ಹಿಂದೆ ಸಾಲಾಗಿ. ಮನೆಯ ಯಜಮಾನಿ ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಾಳೆ. ಆಮೇಲೇ ಊಟ, ವೈನು, ಕುಣಿತ. ಕೊಂಬೆ ಯಾರು ಹೊರಬೇಕು ಅಂತ ಕೊಯ್ಯುವವರೇ ಆರಿಸುತ್ತಾರೆ. ನಮ್ಮ ಕರಸ್ಕೇರ ತೋಟದಲ್ಲಿ ಮೊದಲು ಹೊರುತ್ತಿದ್ದ ನನ್ನತ್ತೆಯ ಮಂಡಿ ಹೋದಾಗಿನಿಂದ ಆರಿಸುವ ಮಾತೇ ಇರಲಿಲ್ಲ. "ಎರ್ಮೆಲಿಂಡ ಎಲ್ಲಿ?" ಅಂತ ಕೂಗುತ್ತಿದ್ದರು, ಅಷ್ಟೇ.

ಇದಕ್ಕೊಂದು ಕಟ್ಟಳೆ ಇದೆ. ಒಪ್ಪಿಸಿದ ಕೊಂಬೆ ತೆಗೆದುಕೊಂಡ ಕೈ ಮತ್ತೆಂದೂ ಕೊಂಬೆ ಹೊರುವಂತಿಲ್ಲ. ನಮ್ಮ ಯಜಮಾನಿ ದೋನ ಲಿಯೊನಿಲ್ಡ, ದೋನ ಅಂದರೆ ಅಮ್ಮಾವ್ರು ಅಂದ ಹಾಗೆ, ಹುಡುಗಿಯಾಗಿದ್ದಾಗ ನಮ್ಮ ಹಾಗೇ ಕೊಯ್ಲಿಗೆ ಬರುತ್ತಿದ್ದವಳು, ಕೊಂಬೆ ಹೊತ್ತವಳು. ಆ ಮನೆಯ ಮಗನನ್ನೇ ಮದುವೆಯಾಗಿ ಮೆಟ್ಟಿಲು ಹತ್ತಿದಳು. ಒಮ್ಮೆ ನಾನು, "ಮತ್ತೆ ಹೊರಬೇಕು ಅನ್ಸಲ್ವಾ ದೋನ?" ಅಂತ ಕೇಳಿದ್ದೆ. "ಪ್ರತಿ ವರ್ಷ ಅನ್ಸುತ್ತೆ. ಏನ್ಮಾಡೋದು, ಕೈ ಆಚೆ ಕಡೆಯದಾಯ್ತು," ಅಂದಿದ್ದಳು. ಅಷ್ಟು ದೊಡ್ಡ ಮನೆಯ ಒಡತಿ ನನ್ನ ಕೈ ನೋಡಿ ಆಸೆಪಟ್ಟಳಲ್ಲ ಅಂತ ಆ ವರ್ಷವೆಲ್ಲ ನಾನು ಬೀಗಿದ್ದೇ ಬೀಗಿದ್ದು.

ಹಡಗೂ ಬೇಡ ಗಿಡಗೂ ಬೇಡ ಅಂದೆ. ಸೆಲೆಸ್ತ ಮುಖ ಊದಿಸಿಕೊಂಡಳು. ಮೇಲಿನವರನ್ನು ಕಾಡಿ ಬೇಡಿ ನನ್ನ ಹೆಸರು ಬರೆಸಿದ್ದಳಂತೆ. ಅಬೀಲಿಯು, "ಒಂದು ವರ್ಷ ಝುಲ್ಮಿರಾ ಹೊರಲಿ ಬಿಡೇ," ಅಂದ.

"ಆ ಹೆಸರು ಎಷ್ಟು ಬೇಗ ಬಂತು ನಿನ್ನ ಬಾಯಿಗೆ?"

"ಬೇರೆ ಯಾರಿದಾರೆ, ನೀನೇ ಹೇಳು."

ಬೇರೆ ಯಾರೂ ಇರಲಿಲ್ಲ. ಉರಿ ಇದ್ದದ್ದೇ ಅಲ್ಲಿ. ಝುಲ್ಮಿರಾ ನನ್ನ ಪಕ್ಕದ ಸಾಲಿನಲ್ಲಿ ಕೊಯ್ಯುವವಳು, ಗಂಡ ಸತ್ತವಳು, ನನಗಿಂತ ಸಣ್ಣ ಸೊಂಟ, ನನಗಿಂತ ದೊಡ್ಡ ಗಂಟಲು. ಕೊಂಬೆಯ ಬೆನ್ನ ಹಿಂದೆ ದೊಡ್ಡ ಡೋಲು ಬಾರಿಸುವವನು ಅಬೀಲಿಯು. ಅಂದರೆ ಈ ವರ್ಷ ದಾರಿಯುದ್ದಕ್ಕೂ ನನ್ನ ಗಂಡ ಅವಳ ಬೆನ್ನು ನೋಡಿಕೊಂಡು ನಡೆಯುತ್ತಾನೆ. ಮಗಳ ಊದಿದ ಮುಖಕ್ಕೆ ಸೋತು, ಇದನ್ನೆಲ್ಲ ಗಂಟು ಕಟ್ಟಿಕೊಂಡು ಹಡಗು ಹತ್ತಿದೆ.

ಸುಳ್ಳು ಯಾಕೆ ಹೇಳಲಿ, ಹಡಗು ಚೆನ್ನಾಗಿತ್ತು. ಆ ಉದ್ದ ಕುರ್ಚಿಯಲ್ಲಿ ಒಮ್ಮೆ ಒರಗಿದರೆ ಎದ್ದೇಳುವ ಮನಸ್ಸೇ ಬರುವುದಿಲ್ಲ. ಕೇಳದೆ ಕಾಫಿ ಬರುತ್ತದೆ. ನದಿ ಅಲುಗದೆ ಹಸಿರಾಗಿ ಮಲಗಿರುತ್ತದೆ, ಎರಡೂ ಕಡೆ ಗುಡ್ಡಗಳೇ ತಮ್ಮ ಪಾಡಿಗೆ ಹಿಂದೆ ಸರಿಯುತ್ತವೆ. ಅಣೆಕಟ್ಟಿನ ಹತ್ತಿರ ಹಡಗನ್ನು ಎತ್ತರದ ಗೋಡೆಗಳ ನಡುವೆ ನಿಲ್ಲಿಸಿ, ಬಾಗಿಲು ಮುಚ್ಚಿ, ನೀರು ತುಂಬಿಸಿ ಮೇಲಕ್ಕೆ ಎತ್ತಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮಧ್ಯಾಹ್ನ ಆಲೂಗಡ್ಡೆ ಹಾಕಿದ ಉಪ್ಪುಮೀನು, ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿದ ಅನ್ನದ ಪಾಯಸ. ಪಾಯಸ ನನ್ನ ಮಗಳ ಕೈಯದು ಅಂತ ಮೊದಲ ಚಮಚದಲ್ಲೇ ಗೊತ್ತಾಯಿತು. ತಿನ್ನುತ್ತ ತಿನ್ನುತ್ತ, ತೋಟದಲ್ಲಿ ಈಗ ಯಾರು ಏನು ಮಾಡುತ್ತಿರಬಹುದು ಅನ್ನುವುದೇ ತಲೆ ಕೊರೆಯುತ್ತಿತ್ತು.

ನನ್ನ ಪಕ್ಕದ ಕುರ್ಚಿಯಲ್ಲಿ ಲಿಸ್ಬನ್ನಿನ ಒಬ್ಬ ಹೆಂಗಸಿದ್ದಳು, ಮಾಫಾಲ್ದಾ ಅಂತ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಿಯಾದವಳು, ಬಿಳಿ ರವಿಕೆ, ನೀಟಾದ ಕೂದಲು, ಒಳ್ಳೆಯ ಮಾತು. ಹಡಗು ನಮ್ಮ ಗುಡ್ಡದ ಕೆಳಗೆ ಬಂದಾಗ ನಾನು ಎದ್ದು ಕಂಬಿ ಹಿಡಿದು ನಿಂತೆ. ಮೇಲೆ ಸಾಲುಸಾಲಾಗಿ ಬಗ್ಗಿದ ಬೆನ್ನುಗಳು. ಕೆಂಪು ತಲೆವಸ್ತ್ರ ಝುಲ್ಮಿರಾಳದು. ನನ್ನ ಸಾಲನ್ನೂ ಅವಳೇ ಕೊಯ್ಯುತ್ತಿದ್ದಳು. ನಾನು ಎರಡೂ ಕೈ ಎತ್ತಿ ಬೀಸಿದೆ. ಯಾರೂ ತಲೆ ಎತ್ತಲಿಲ್ಲ. ಕೊನೆಗೆ ಕೆಂಪು ವಸ್ತ್ರ ಒಂದು ಸಲ ಕೈ ಎತ್ತಿತು, ಯಾರೋ ಪ್ರವಾಸಿಗೆ ಬೀಸುವ ಹಾಗೆ.

"ಎಷ್ಟು ಪುಣ್ಯವಂತರಪ್ಪ ಇವರು," ಮಾಫಾಲ್ದಾ ಅಂದಳು. "ಇಂಥ ಜಾಗದಲ್ಲಿ ದಿನಾ ಇರೋದು ಅಂದ್ರೆ. ನನಗಂತೂ ಹೊಟ್ಟೆಕಿಚ್ಚಾಗುತ್ತೆ ನೋಡಿ."

"ಅವರಿಗೆ ಬೆನ್ನು ನೋವಾಗುತ್ತೆ," ಅಂದೆ.

"ಅದು ಸರಿ. ಆದ್ರೂ."

"ಹೂಂ, ಆದ್ರೂ," ಅಂದೆ ನಾನೂ. ಅಷ್ಟು ಹೊತ್ತಿಗೆ ನನ್ನ ಕಾಫಿ ಆರಿತ್ತು.

ಮೂರನೇ ದಿನ ಹಡಗು ಮೇಲಿನ ಊರು ಮುಟ್ಟಿ ತಿರುಗಿ ಬರುವಾಗ ಕ್ಯಾಪ್ಟನ್ ಎಲ್ಲರನ್ನೂ ಕರೆದು ಹೇಳಿದ: ಇವತ್ತು ಕರಸ್ಕೇರ ತೋಟದಲ್ಲಿ ಕೊಯ್ಲು ಮುಗಿಯುತ್ತದೆ, ಕೊಂಬೆ ಒಪ್ಪಿಸುವುದನ್ನು ನೋಡಲು ಯಜಮಾನಿಯ ಮಗ ನಮ್ಮನ್ನು ಕರೆದಿದ್ದಾರೆ. ಜನ ಖುಷಿಯಾದರು. ನಾನು ಅಡುಗೆಮನೆಗೆ ನುಗ್ಗಿ ಸೆಲೆಸ್ತಳನ್ನು ಹಿಡಿದುಕೊಂಡೆ.

"ನಾನು ಇಳಿಯಲ್ಲ."

"ಇಳಿದ್ರೆ ಏನಮ್ಮಾ ಆಗುತ್ತೆ? ನಿನ್ನ ತೋಟ ತಾನೇ."

"ಅದಕ್ಕೇ ಕಣೆ."

ಇಳಿದೆ. ಹಡಗಿನವರು ಎಲ್ಲರಿಗೂ ನೀಲಿ ಪಟ್ಟಿ ಕಟ್ಟಿದ ಹುಲ್ಲಿನ ಟೋಪಿ ಹಂಚಿದರು, ನನ್ನ ತಲೆಗೂ ಒಂದು ಬಂತು. ಮಗಳ ತೆಳು ಲಂಗ, ಮಗಳ ಚಪ್ಪಲಿ, ಈ ಟೋಪಿ ಹಾಕಿಕೊಂಡು, ಬೂಟಿಲ್ಲದೆ ಎಂದೂ ಹತ್ತದ ದಾರಿಯನ್ನು ಪ್ರವಾಸಿಗಳ ಮಧ್ಯೆ ಹತ್ತಿದೆ. ಮನೆಯ ಅಂಗಳದಲ್ಲಿ ನಮ್ಮನ್ನು ಒಂದು ಕಡೆ ಸಾಲಾಗಿ ನಿಲ್ಲಿಸಿದರು. ದೋನ ಲಿಯೊನಿಲ್ಡ ಇರಲಿಲ್ಲ. ಸೊಂಟದ ನೋವಿಗೆ ಪೋರ್ತು ಪಟ್ಟಣದಲ್ಲಿ ಮಗಳ ಮನೆ ಸೇರಿದ್ದಳು. ಮದುವೆಯಿಲ್ಲದ ಮಗ ಗೊನ್ಸಾಲು ಒಬ್ಬನೇ ಮೆಟ್ಟಿಲ ಮೇಲೆ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದ.

ಡೋಲು ಕೇಳಿಸಿತು. ಅಬೀಲಿಯು ನನ್ನ ಬೆನ್ನ ಹಿಂದೆ ಎಂದಾದರೂ ಇಷ್ಟು ಚೆನ್ನಾಗಿ ಬಾರಿಸಿದ್ದನೋ ಇಲ್ಲವೋ ನನಗೆ ನೆನಪಿಲ್ಲ. ಅದರ ಮೇಲೆ ಝುಲ್ಮಿರಾಳ ಗಂಟಲು. ಗೋಡೆಯ ತಿರುವಿನಲ್ಲಿ ಕೊಂಬೆ ಕಾಣಿಸಿಕೊಂಡಿತು. ಹೂವು ಜಾಸ್ತಿಯಾಯಿತು ಅಂದುಕೊಂಡೆ. ಪಟ್ಟಿ ಕಟ್ಟಿದ್ದು ಸರಿಯಿಲ್ಲ ಅಂದುಕೊಂಡೆ. ಓರೆ ಹಿಡಿದಿರುತ್ತಾಳೆ ನೋಡು ಅಂದುಕೊಂಡೆ. ಕೊಂಬೆ ನೂಲು ಹಿಡಿದ ಹಾಗೆ ನೆಟ್ಟಗಿತ್ತು. ನಾನು ಅಷ್ಟು ನೆಟ್ಟಗೆ ಒಂದು ವರ್ಷವೂ ಹಿಡಿದಿಲ್ಲ. ಆ ಗೊಂಚಲುಗಳ ಭಾರಕ್ಕೆ ನನ್ನ ಕೈ ಎಡಕ್ಕೆ ವಾಲುತ್ತದೆ. ಯಾರೂ ಇದುವರೆಗೆ ಹೇಳಿಲ್ಲ, ಆದರೆ ಹಿಂದೆ ನಡೆಯುವವರಿಗೆ ಕಾಣದೆ ಇರುತ್ತದೆಯೇ?

ಕೊಂಬೆಯ ಹಿಂದಿನ ಸಾಲಿನವರು ನನ್ನನ್ನು ಕಂಡು ಕಿಸಕ್ಕೆಂದರು. "ಓಹೋ, ದೋನ ಎರ್ಮೆಲಿಂಡ ಬಂದವ್ರೆ, ಟೋಪಿ ನೋಡ್ರೇ," ಅಂತ ಯಾರೋ ಅಂದರು. ಅಬೀಲಿಯು ಬಾಯಿ ತುಂಬ ನಕ್ಕ. ಝುಲ್ಮಿರಾ ನೇರ ಮೆಟ್ಟಿಲ ಬುಡಕ್ಕೆ ಬಂದು ನಿಂತಳು. ಗೊನ್ಸಾಲು ಎರಡೂ ಕೈ ಚಾಚಿದ.

"ತಡೀಪ್ಪಾ," ಅಂದಳು ಮುದುಕಿ ಜಸಿಂತ, ನಮ್ಮೆಲ್ಲರಿಗಿಂತ ಹಿರಿಯಳು. "ಗಂಡಸಿನ ಕೈಗೆ ಕೊಂಬೆ ಕೊಡೋದುಂಟಾ? ಬರೋ ವರ್ಷ ಬಳ್ಳಿ ಕಾಯಿ ಬಿಡುತ್ತಾ?"

"ಅಮ್ಮ ಇಲ್ವಲ್ಲ ಅಜ್ಜಿ, ನಾನೇ ತಗೋತೀನಿ."

"ನೀನು ಬೇಕಾದ್ರೆ ತೋಟನೇ ತಗೋ. ಕೊಂಬೆ ಮಾತ್ರ ಮುಟ್ಟಬೇಡ."

ಗೊನ್ಸಾಲು ಕೈ ಹಿಂದಕ್ಕೆ ತೆಗೆದುಕೊಂಡ. ಡೋಲು ನಿಂತಿತು. ಝುಲ್ಮಿರಾ ಆ ಭಾರ ಹಿಡಿದುಕೊಂಡೇ ಮೆಲ್ಲಗೆ ತಿರುಗಿ ನಮ್ಮ ಸಾಲಿನ ಕಡೆ ನೋಡಿದಳು. "ಮನೆಗೆ ಬಂದ ಅತಿಥಿ ತಗೊಂಡ್ರೂ ನಡೆಯುತ್ತೆ. ಅಗೋ, ಅಲ್ಲೇ ನಿಂತಿದಾರಲ್ಲ," ಅಂದವಳು ಸೀದಾ ನನ್ನ ಮುಂದೆ ಬಂದಳು. "ತಗೊಳ್ಳಿ ದೋನ ಎರ್ಮೆಲಿಂಡ."

ಎಲ್ಲರೂ ಚಪ್ಪಾಳೆ ತಟ್ಟಿದರು. ಎಂಥ ಮರ್ಯಾದೆ ಅಂದುಕೊಂಡಿರಬೇಕು. ಅಬೀಲಿಯುಗಂತೂ ಕಣ್ಣೇ ಒದ್ದೆಯಾಗಿತ್ತು, ಪೆದ್ದ. ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಾನು ಕೈ ಚಾಚಿದೆನೋ, ಕೈ ಆಚೆ ಕಡೆಯದಾಗುತ್ತದೆ. ಮುಂದಿನ ವರ್ಷವೂ ಅವಳೇ, ಅದರ ಮುಂದಿನ ವರ್ಷವೂ ಅವಳೇ, ಹಿಂದೆ ನನ್ನ ಗಂಡನ ಡೋಲು. ನಾನು ಚಾಚದಿದ್ದರೆ ಕೊಂಬೆ ನೆಲ ಮುಟ್ಟುತ್ತದೆ, ಆಮೇಲೆ ನನ್ನ ಮುಖ ಯಾರೂ ನೋಡುವುದಿಲ್ಲ.

ಭಾರ ಹೊತ್ತುಕೊಂಡೇ ಇರಲಿ ಅಂತ ಅವಳನ್ನು ಕಾಯಿಸಿದೆ. ಆದರೂ ಕೊಂಬೆ ಓರೆಯಾಗಲಿಲ್ಲ.

ಆಮೇಲೆ ಟೋಪಿ ತೆಗೆದು ಗೋಡೆಯ ಮೇಲಿಟ್ಟೆ. ಮಾಫಾಲ್ದಾಳ ತೋಳು ಹಿಡಿದು ಮುಂದಕ್ಕೆ ತಂದೆ. "ಅತಿಥಿ ಅಂದ್ರೆ ಇವರು. ಲಿಸ್ಬನ್ನಿಂದ ಬಂದವರು. ನಾನು ಕೊಯ್ಯೋಳು, ಇವತ್ತು ತಡವಾಗಿ ಬಂದೆ ಅಷ್ಟೇ," ಅಂದೆ.

"ಅದೂ ಸರಿನೇ," ಅಂದಳು ಜಸಿಂತ.

ಮಾಫಾಲ್ದಾ ಗಾಬರಿಯಾಗಿ, "ನಾನೇನು ಮಾಡ್ಬೇಕು?" ಅಂತ ಕೇಳಿದಳು.

"ಮೆಟ್ಟಿಲ ಮೇಲೆ ನಿಂತ್ಕೊಳ್ಳಿ. ಎರಡು ಕೈ ಚಾಚಿ. ಬಿಡಬೇಡಿ."

ಅವಳು ಹತ್ತಿ ನಿಂತಳು. ನಾನು ಎಲ್ಲಿ ನಿಲ್ಲಬೇಕು? ಕೊಯ್ಯುವವಳು ಅಂತ ನಾನೇ ಬಾಯಿಬಿಟ್ಟು ಹೇಳಿದ್ದೆ. ಕೊಯ್ಯುವವರ ಜಾಗ ಕೊಂಬೆಯ ಹಿಂದೆ. ಹೋಗಿ ಝುಲ್ಮಿರಾಳ ಬೆನ್ನಿಗೆ ನಿಂತೆ, ಡೋಲಿನ ಮುಂದೆ. ಮೆಟ್ಟಿಲು ಹತ್ತುವಾಗ ಕಡೆಯ ನುಡಿ ಹಾಡಬೇಕು, ಕೊಂಬೆಯವಳು ಎತ್ತಿಕೊಡುತ್ತಾಳೆ, ಹಿಂದಿನವರು ಅದನ್ನೇ ತಿರುಗಿ ಹಾಡುತ್ತಾರೆ. ಅವಳು ಎತ್ತಿಕೊಟ್ಟಳು. ನಾನು ತಿರುಗಿ ಹಾಡಿದೆ. ನನ್ನ ಕಣ್ಣೆದುರಿಗೆ ಅವಳ ಬೆವತ ಕುತ್ತಿಗೆ, ಕೆಂಪು ವಸ್ತ್ರದ ಗಂಟು, ಅದರ ಮೇಲೆ ನೆಟ್ಟಗೆ ನಿಂತ ಕೊಂಬೆ. ಮಾಫಾಲ್ದಾ ಅದನ್ನು ಅಪ್ಪಿ ಹಿಡಿದುಕೊಂಡು ಅತ್ತೇಬಿಟ್ಟಳು, ಬಿಳಿ ರವಿಕೆಯ ತುಂಬ ದ್ರಾಕ್ಷಿ ರಸ ಮಾಡಿಕೊಂಡು.

ಊಟಕ್ಕೆ ಮೇಜು ಹಾಕುವಾಗ ಝುಲ್ಮಿರಾ ಮುಂಗೈ ಉಜ್ಜಿಕೊಳ್ಳುತ್ತ ನನ್ನ ಪಕ್ಕ ಬಂದು ಕೂತಳು. ಒಂದು ಲೋಟ ವೈನು ನನ್ನ ಕಡೆ ತಳ್ಳಿದಳು.

"ಯಾಕೆ ತಗೊಳ್ಳಲಿಲ್ಲ?"

"ಯಾಕೆ ಅಂತ ನಿನಗೆ ಗೊತ್ತು."

"ಗೊತ್ತು," ಅಂದಳು, ಮುಚ್ಚಿಡದೆ. "ನಾನು ಈ ತೋಟಕ್ಕೆ ಬಂದಾಗಿಂದ ನಿನ್ನ ಬೆನ್ನೇ ನೋಡಿದೀನಿ ಎರ್ಮೆಲಿಂಡ. ಪ್ರತಿ ವರ್ಷ ಅದೇ ಬೆನ್ನು. ರಾತ್ರಿ ಮನೆಗೆ ಹೋಗಿ ಉರ್ಕೊಂಡು ಮಲಗ್ತಿದ್ದೆ. ನಿನ್ನನ್ನ ಅಲ್ಲಿಂದ ಎಬ್ಬಿಸೋಕೆ ಬೇರೆ ದಾರಿ ಕಾಣಲಿಲ್ಲ."

ಅವಳಿಗೂ ಉರಿಯುತ್ತಿತ್ತು ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ. ಉರಿ ನನ್ನೊಬ್ಬಳ ಸೊತ್ತು ಅಂದುಕೊಂಡಿದ್ದೆ. ಕೆಳಗೆ ಹಡಗು ಒಮ್ಮೆ ಕೂಗಿತು. ಟೋಪಿಗಳೆಲ್ಲ ಇಳಿಯತೊಡಗಿದವು. ನಾನು ಏಳಲಿಲ್ಲ. ಆ ಉದ್ದ ಕುರ್ಚಿಯಲ್ಲಿ ಇನ್ನು ಯಾರು ಬೇಕಾದರೂ ಕಾಲು ಚಾಚಿಕೊಳ್ಳಲಿ.

"ಇವತ್ತು ನೀನು ನನ್ನ ಬೆನ್ನು ನೋಡಿದೆಯಲ್ಲ," ಝುಲ್ಮಿರಾ ಕೇಳಿದಳು. "ಹೇಗಿತ್ತು? ಸುಳ್ಳು ಹೇಳ್ಬೇಡ."

ನಾನು ಲೋಟ ಎತ್ತಿ ಒಂದು ಗುಟುಕು ಕುಡಿದೆ.

"ಕೊಂಬೆ ನೀನು ಓರೆ ಹಿಡ್ಕೊಂಡಿದ್ದೆ," ಅಂದೆ. "ಬರೋ ವರ್ಷ ನನ್ನ ಹಿಂದೆ ನಿಂತು ನೋಡ್ಕೋ, ಹೇಗೆ ಹಿಡಿಯೋದು ಅಂತ."